‘ಪೂರ್ತಿ ತೆಗೆದಿದ್ದೇವೆ’ ಎಂದರೆ ಎಷ್ಟು ಪೂರ್ತಿ? ಚರ್ಮದ ಕ್ಯಾನ್ಸರ್ ಮತ್ತು ಕೆಲವೇ ಮಿಲಿಮೀಟರುಗಳ ಲೆಕ್ಕ

2025ರ ಆಗಸ್ಟ್ ಕೊನೆಯ ವಾರ ಆಸ್ಟ್ರೇಲಿಯಾ ಕ್ರಿಕೆಟ್ ತಂಡದ ಮಾಜಿ ನಾಯಕ ಮೈಕೇಲ್ ಕ್ಲಾರ್ಕ್, ತಮ್ಮ ಮೂಗಿನಿಂದ ಚರ್ಮದ ಕ್ಯಾನ್ಸರ್ ‘ಇನ್ನೊಂದನ್ನು’ ಕತ್ತರಿಸಿ ತೆಗೆಯಲಾಗಿದೆ ಎಂದು ಇನ್‌ಸ್ಟಾಗ್ರಾಂನಲ್ಲಿ ತಿಳಿಸಿದರು. ಅವರಿಗೆ ಈ ಕಾಯಿಲೆ ಮೊದಲು ಪತ್ತೆಯಾದದ್ದು 2006ರಲ್ಲಿ. ಅನಂತರ ಹಣೆಯೂ ಸೇರಿದಂತೆ ಹಲವು ಕಡೆ ಶಸ್ತ್ರಚಿಕಿತ್ಸೆ ಆಗಿದೆ. ಇದಾದ ಕೆಲವೇ ದಿನಗಳಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜೋ ಬೈಡನ್ ಅವರ ಹಣೆಯಿಂದಲೂ ಚರ್ಮದ ಕ್ಯಾನ್ಸರ್ ತೆಗೆಯಲಾಯಿತೆಂಬ ಸುದ್ದಿ ಬಂತು. ಆದರೆ 2023ರ ಫೆಬ್ರವರಿಯಲ್ಲಿ ಬೈಡನ್ ಎದೆಯ ಮೇಲಿನ ಗಡ್ಡೆಯೊಂದನ್ನು ತೆಗೆದಾಗ, ಕ್ಯಾನ್ಸರ್ ಅಂಶವನ್ನೆಲ್ಲ ಯಶಸ್ವಿಯಾಗಿ ತೆಗೆಯಲಾಗಿದೆ, ಮುಂದಿನ ಚಿಕಿತ್ಸೆ ಬೇಕಿಲ್ಲ ಎಂದು ಶ್ವೇತಭವನದ ವೈದ್ಯರು ಪ್ರಕಟಿಸಿದ್ದರು.

ಈ ಎರಡು ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ. ಜಗತ್ತಿನ ಅತ್ಯುತ್ತಮ ವೈದ್ಯರು ಕೈಗೆಟಕುವವರಿಗೇ ಹೀಗಾದರೆ, ಕಣ್ಣಿಗೆ ಕಾಣುವ, ಬೆರಳಿಗೆ ಸಿಗುವ ಒಂದು ಗಡ್ಡೆಯನ್ನು ಪೂರ್ತಿಯಾಗಿ ತೆಗೆಯುವುದು ಅಷ್ಟು ಕಷ್ಟವೇ? ಉತ್ತರ ಶಸ್ತ್ರವೈದ್ಯರ ಕೈಚಳಕದಲ್ಲಿ ಮಾತ್ರ ಇಲ್ಲ. ‘ಪೂರ್ತಿ’ ಎಂಬ ಮಾತು ಆಸ್ಪತ್ರೆಯಲ್ಲಿ ಯಾವ ಅರ್ಥದಲ್ಲಿ ಬಳಕೆಯಾಗುತ್ತದೆ ಎಂಬುದರಲ್ಲಿ ಅರ್ಧ ಉತ್ತರವಿದೆ.

ಮರಳಿ ಬಂದದ್ದೋ, ಹೊಸದಾಗಿ ಹುಟ್ಟಿದ್ದೋ

ಮೊದಲು ಬಿಡಿಸಿ ನೋಡಬೇಕಾದದ್ದು ಮೂರು ಬೇರೆ ಬೇರೆ ಸಂಗತಿಗಳನ್ನು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲೇ ಗಡ್ಡೆಯ ಒಂದಂಶ ದೇಹದಲ್ಲಿ ಉಳಿದುಬಿಟ್ಟರೆ ಅದು ಅಪೂರ್ಣ ಛೇದನ. ಹಾಗೆ ಉಳಿದ ಕೋಶಗಳು ತಿಂಗಳುಗಳ ಅಥವಾ ವರ್ಷಗಳ ನಂತರ ಅದೇ ಜಾಗದಲ್ಲಿ ಬೆಳೆದು ಕಾಣಿಸಿಕೊಂಡರೆ ಅದು ಮರುಕಳಿಕೆ. ಇವೆರಡಕ್ಕೂ ಸಂಬಂಧವಿಲ್ಲದೆ, ಅದೇ ವ್ಯಕ್ತಿಯ ಚರ್ಮದ ಬೇರೊಂದು ಭಾಗದಲ್ಲಿ ಸ್ವತಂತ್ರವಾಗಿ ಹುಟ್ಟುವುದು ಹೊಸ ಕ್ಯಾನ್ಸರ್. ಬೈಡನ್ ಅವರ ಎದೆಯ ಗಡ್ಡೆಗೂ ಹಣೆಯ ಗಡ್ಡೆಗೂ ನಡುವೆ ಇರುವ ದೂರವೇ ಅದು ಮರುಕಳಿಕೆಯಲ್ಲ ಎನ್ನಲು ಸಾಕು. ಕ್ಲಾರ್ಕ್ ಬಳಸಿದ ‘ಇನ್ನೊಂದು’ ಎಂಬ ಪದವೂ ಈ ಕಡೆಗೇ ಬೆರಳು ತೋರಿಸುತ್ತದೆ.

ಹೊಸ ಕ್ಯಾನ್ಸರ್ ಹುಟ್ಟುವುದಕ್ಕೆ ಕಾರಣ ಹಳೆಯ ಶಸ್ತ್ರಚಿಕಿತ್ಸೆಯ ಲೋಪವಲ್ಲ. ಬಿಳಿ ಚರ್ಮದವರು ಬಾಲ್ಯದಿಂದ ಬಿಸಿಲಿಗೆ ಒಡ್ಡಿಕೊಂಡಾಗ ನೇರಳಾತೀತ ಕಿರಣಗಳು ಮುಖ, ಕುತ್ತಿಗೆ, ಕೈಗಳ ಚರ್ಮವನ್ನು ಒಟ್ಟಾರೆಯಾಗಿ ಹಾಳುಮಾಡಿರುತ್ತವೆ. ಅಂಥ ಹೊಲದಲ್ಲಿ ಒಂದು ಕಳೆಯನ್ನು ಬೇರುಸಮೇತ ಕಿತ್ತರೂ ಪಕ್ಕದಲ್ಲಿ ಇನ್ನೊಂದು ಮೊಳೆಯುತ್ತದೆ. ಆಸ್ಟ್ರೇಲಿಯಾದಲ್ಲಿ 70 ವರ್ಷ ತುಂಬುವುದರೊಳಗೆ ಮೂವರಲ್ಲಿ ಇಬ್ಬರಿಗೆ ಯಾವುದಾದರೊಂದು ಬಗೆಯ ಚರ್ಮದ ಕ್ಯಾನ್ಸರ್ ಪತ್ತೆಯಾಗುತ್ತದೆ ಎಂಬುದು ಅಲ್ಲಿನ ಆರೋಗ್ಯ ಸಂಸ್ಥೆಗಳು ಬಹುಕಾಲದಿಂದ ಹೇಳುತ್ತಿರುವ ಮಾತು. ದಿನವಿಡೀ ಮೈದಾನದಲ್ಲಿ ನಿಲ್ಲುವ ಕ್ರಿಕೆಟಿಗರ ಪಾಡನ್ನು ಇದರಿಂದ ಊಹಿಸಬಹುದು.

ಹಾಗೆಂದು ಅಪೂರ್ಣ ಛೇದನ ಅಪರೂಪದ ಸಂಗತಿಯೂ ಅಲ್ಲ. ಹಲವು ದೇಶಗಳ ವರದಿಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬೇಸಲ್ ಸೆಲ್ ಮತ್ತು ಸ್ಕ್ವಾಮಸ್ ಸೆಲ್ ಎಂಬ ಎರಡು ಸಾಮಾನ್ಯ ಚರ್ಮದ ಕ್ಯಾನ್ಸರುಗಳಲ್ಲಿ ಸುಮಾರು ಹತ್ತು ಶಸ್ತ್ರಚಿಕಿತ್ಸೆಗಳಿಗೆ ಒಂದರಲ್ಲಿ ಗಡ್ಡೆ ಪೂರ್ತಿಯಾಗಿ ಹೊರಬಂದಿರುವುದಿಲ್ಲ. ಚರ್ಚೆ ನಡೆಯಬೇಕಾದದ್ದು ಈ ಹತ್ತರಲ್ಲೊಂದು ಏಕೆ ಆಗುತ್ತದೆ ಎಂಬುದರ ಬಗ್ಗೆ.

ಅಂಚು ಒಂದು ಅಂದಾಜು

ಚರ್ಮದ ಮೇಲೆ ಕಾಣುವ ಗಂಟು ಅಥವಾ ಹುಣ್ಣಿನ ಗಡಿಯೂ ಅದರ ಕೋಶಗಳು ಹಬ್ಬಿರುವ ನಿಜವಾದ ಗಡಿಯೂ ಒಂದೇ ಆಗಿರುವುದಿಲ್ಲ. ಆದ್ದರಿಂದ ಶಸ್ತ್ರವೈದ್ಯರು ಕಾಣುವ ಗಡಿಯ ಸುತ್ತ ಆರೋಗ್ಯವಂತ ಚರ್ಮದ ಒಂದು ಪಟ್ಟಿಯನ್ನೂ ಸೇರಿಸಿ ಕತ್ತರಿಸುತ್ತಾರೆ. ಈ ಪಟ್ಟಿಯೇ ಅಂಚು. 1987ರಲ್ಲಿ ಅಮೆರಿಕದಲ್ಲಿ ನಡೆದ, ಇಂದಿಗೂ ಮಾರ್ಗಸೂಚಿಗಳಿಗೆ ಆಧಾರವಾಗಿರುವ ಅಧ್ಯಯನವೊಂದರ ಪ್ರಕಾರ, 2 ಸೆಂಟಿಮೀಟರಿಗಿಂತ ಚಿಕ್ಕದಾದ ಮತ್ತು ಗಡಿ ಸ್ಪಷ್ಟವಾಗಿರುವ ಬೇಸಲ್ ಸೆಲ್ ಕಾರ್ಸಿನೋಮಾಕ್ಕೆ ಸುತ್ತಲೂ 4 ಮಿಲಿಮೀಟರ್ ಅಂಚು ಸೇರಿಸಿ ಕತ್ತರಿಸಿದರೆ ಶೇ 95ರಷ್ಟು ಪ್ರಕರಣಗಳಲ್ಲಿ ಗಡ್ಡೆ ಪೂರ್ತಿ ಹೊರಬರುತ್ತದೆ. ಸ್ಕ್ವಾಮಸ್ ಸೆಲ್ ಕಾರ್ಸಿನೋಮಾದಲ್ಲಿ ಅಪಾಯ ಕಡಿಮೆ ಇರುವ ಗಡ್ಡೆಗೆ 4, ಹೆಚ್ಚು ಇರುವುದಕ್ಕೆ ಕನಿಷ್ಠ 6 ಮಿಲಿಮೀಟರ್ ಎಂಬ ಲೆಕ್ಕ 1992ರಲ್ಲಿ ಬಂತು.

ಇಲ್ಲಿ ಗಮನಿಸಬೇಕಾದದ್ದು ಉಳಿದ ಶೇ 5ನ್ನು. ಎಲ್ಲವನ್ನೂ ನಿಯಮದಂತೆ ಮಾಡಿದರೂ ಇಪ್ಪತ್ತರಲ್ಲಿ ಒಬ್ಬರಿಗೆ ಕೋಶಗಳು ಉಳಿಯಬಹುದೆಂದು ಆ ಲೆಕ್ಕವೇ ಒಪ್ಪಿಕೊಂಡಿದೆ. ಅಂಚನ್ನು ಇನ್ನಷ್ಟು ಹಿಗ್ಗಿಸಿದರೆ ಈ ಪ್ರಮಾಣ ಇಳಿಯುತ್ತದೆ, ನಿಜ. ಆದರೆ ಬೆನ್ನಿನ ಮೇಲೆ 4 ಮಿಲಿಮೀಟರ್ ಏನೂ ಅಲ್ಲ, ಕಣ್ಣಿನ ರೆಪ್ಪೆಯ ಮೇಲೆ ಅದು ರೆಪ್ಪೆಯ ಕಾಲು ಭಾಗವನ್ನೇ ಕಸಿಯಬಹುದು. ಹೀಗಾಗಿ ಅಂಚಿನ ತೀರ್ಮಾನವೆಂದರೆ ಕಾಯಿಲೆ ಉಳಿಯುವ ಭಯಕ್ಕೂ ಅಂಗ ವಿರೂಪವಾಗುವ ಭಯಕ್ಕೂ ನಡುವಿನ ಚೌಕಾಸಿ.

ಮೆಲನೋಮಾದ ಚರಿತ್ರೆಯಲ್ಲಿ ಈ ಚೌಕಾಸಿ ಇನ್ನೂ ಚೆನ್ನಾಗಿ ಕಾಣುತ್ತದೆ. ಕಪ್ಪು ಮಚ್ಚೆಯ ರೂಪದಲ್ಲಿ ಬರುವ ಈ ಕ್ಯಾನ್ಸರ್ ಮೂರರಲ್ಲಿ ಅತ್ಯಂತ ಮಾರಕವಾದದ್ದು. 1907ರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯ ಸ್ಯಾಂಪ್ಸನ್ ಹ್ಯಾಂಡ್ಲಿ ವಿಶಾಲವಾದ ಛೇದನವನ್ನು ಪ್ರತಿಪಾದಿಸಿದರು. ಅದರ ಆಧಾರದ ಮೇಲೆ ಸುತ್ತಲೂ 5 ಸೆಂಟಿಮೀಟರ್ ಕತ್ತರಿಸುವ ಪದ್ಧತಿ ದಶಕಗಳ ಕಾಲ ನಡೆಯಿತು. ಆ ಪ್ರತಿಪಾದನೆಗೆ ಮೂಲ ಒಬ್ಬ ರೋಗಿಯ ಶವಪರೀಕ್ಷೆ ಎಂಬುದನ್ನು ಕೇಳಿದರೆ ಇಂದು ಬೆರಗಾಗುತ್ತದೆ. 1970ರಲ್ಲಿ ಅಮೆರಿಕದ ವೈದ್ಯ ಅಲೆಕ್ಸಾಂಡರ್ ಬ್ರೆಸ್ಲೋ, ಮೆಲನೋಮಾದ ಅಪಾಯವನ್ನು ನಿರ್ಧರಿಸುವಲ್ಲಿ ಅದರ ಅಗಲಕ್ಕಿಂತ ಆಳ ಮುಖ್ಯವೆಂದು ತೋರಿಸಿದ ಮೇಲೆ ಲೆಕ್ಕಾಚಾರವೇ ಬದಲಾಯಿತು. ಈಗ 1 ಮಿಲಿಮೀಟರ್ ದಪ್ಪದವರೆಗಿನ ಮೆಲನೋಮಾಕ್ಕೆ 1 ಸೆಂಟಿಮೀಟರ್, 2 ಮಿಲಿಮೀಟರಿಗಿಂತ ದಪ್ಪದ್ದಕ್ಕೆ 2 ಸೆಂಟಿಮೀಟರ್ ಅಂಚು ಸಾಮಾನ್ಯ ನಿಯಮ.

ಇದು ಕೂಡ ಇತ್ಯರ್ಥವಾದ ವಿಷಯವಲ್ಲ. ದಪ್ಪ ಮೆಲನೋಮಾದಲ್ಲಿ 2 ಮತ್ತು 4 ಸೆಂಟಿಮೀಟರ್ ಅಂಚುಗಳನ್ನು ಹೋಲಿಸಿ 2011ರಲ್ಲಿ ಪ್ರಕಟವಾದ ಯುರೋಪಿನ ಪ್ರಯೋಗದಲ್ಲಿ ರೋಗಿಗಳ ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. 1 ಮತ್ತು 3 ಸೆಂಟಿಮೀಟರುಗಳನ್ನು ಹೋಲಿಸಿದ ಬ್ರಿಟನ್ನಿನ ಪ್ರಯೋಗದಲ್ಲಾದರೋ ಕಿರಿದಾದ ಅಂಚಿನ ಗುಂಪಿನಲ್ಲಿ ಕಾಯಿಲೆ ಹೆಚ್ಚು ಮರುಕಳಿಸಿತು. ಎರಡನ್ನೂ ಒಪ್ಪಿಕೊಂಡರೆ ಸರಿಯಾದ ಅಂಚು 1 ಮತ್ತು 2 ಸೆಂಟಿಮೀಟರುಗಳ ನಡುವೆ ಎಲ್ಲೋ ಇರಬೇಕು. ಆ ಎರಡನ್ನೇ ನೇರವಾಗಿ ಹೋಲಿಸುವ ‘ಮೆಲ್‌ಮಾರ್ಟ್-2’ ಎಂಬ ಅಂತರರಾಷ್ಟ್ರೀಯ ಪ್ರಯೋಗವನ್ನು ಈ ಪ್ರಶ್ನೆಗಾಗಿಯೇ ಕೈಗೆತ್ತಿಕೊಳ್ಳಲಾಗಿದೆ.

ಗಡ್ಡೆಯ ಗುಣ, ಜಾಗದ ಇಕ್ಕಟ್ಟು

ಒಂದೇ ಹೆಸರಿನ ಕ್ಯಾನ್ಸರುಗಳೆಲ್ಲ ಒಂದೇ ರೀತಿ ಬೆಳೆಯುವುದಿಲ್ಲ. ಬೇಸಲ್ ಸೆಲ್ ಕಾರ್ಸಿನೋಮಾದ ಒಂದು ಬಗೆ ಕಡಲೆಕಾಳಿನಂತೆ ಗುಂಡಗೆ, ಬಿಗಿಯಾಗಿ ಬೆಳೆಯುತ್ತದೆ. ಅದನ್ನು ಗುರುತಿಸುವುದೂ ಸುಲಭ, ತೆಗೆಯುವುದೂ ಸುಲಭ. ಇನ್ನೊಂದು ಬಗೆ ಗರಿಕೆಯ ಹಾಗೆ. ಮೇಲೆ ಮಚ್ಚೆಯಷ್ಟು ಮಾಸಲು ಗುರುತು ಕಂಡರೂ ಒಳಗೆ ಎಳೆಎಳೆಯಾಗಿ ನಾಲ್ಕೂ ದಿಕ್ಕಿಗೆ ಬೇರುಬಿಟ್ಟಿರುತ್ತದೆ. ಹಳೆಯ ಗಾಯದ ಕಲೆಯಂತೆ ಬಿಳಿಚಿಕೊಂಡು ಗಟ್ಟಿಯಾಗುವ ಈ ಬಗೆಯಲ್ಲಿ 4 ಮಿಲಿಮೀಟರಿನ ನಿಯಮ ಕೈಕೊಡುತ್ತದೆ. ಅಪೂರ್ಣ ಛೇದನದ ಕಾರಣಗಳನ್ನು ಹುಡುಕಿದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಮೇಲಕ್ಕೆ ಬರುವ ಅಂಶ ಇದೇ. ಕೆಲವು ಗಡ್ಡೆಗಳು ನರದ ಹೊದಿಕೆಯ ಜಾಡು ಹಿಡಿದು ದೂರ ಸಾಗುತ್ತವೆ. ಆಗ ಚರ್ಮದ ಮೇಲಿನ ಅಳತೆಗೂ ಒಳಗಿನ ಹರಹಿಗೂ ಸಂಬಂಧವೇ ತಪ್ಪಿಹೋಗುತ್ತದೆ.

ಎರಡನೆಯ ಪ್ರಬಲ ಅಂಶ ಜಾಗ. ಮೂಗು, ಕಣ್ಣಿನ ಸುತ್ತು, ತುಟಿ, ಕಿವಿ ಮತ್ತು ಅದರ ಆಸುಪಾಸು, ಕಪೋಲದ ಮೇಲ್ಬದಿ ಇವನ್ನೆಲ್ಲ ಸೇರಿಸಿ ಮುಖದ ನಕ್ಷೆಯಲ್ಲಿ ವೈದ್ಯರು ಹೆಚ್ಚು ಅಪಾಯದ ವಲಯವೆಂದು ಗುರುತಿಸಿದ್ದಾರೆ. ಇಲ್ಲಿ ಚರ್ಮ ತೆಳು, ಅದರ ಕೆಳಗೆ ನೇರವಾಗಿ ಮೃದ್ವಸ್ಥಿ ಇಲ್ಲವೇ ಮೂಳೆ. ನರಗಳು ಹೇರಳವಾಗಿವೆ, ಎಳೆದು ಹೊಲಿಯಲು ಹೆಚ್ಚುವರಿ ಚರ್ಮವಿಲ್ಲ. ಗಡ್ಡೆಗೆ ಆಳಕ್ಕೆ ಇಳಿಯಲು ದಾರಿಯುಂಟು, ಶಸ್ತ್ರವೈದ್ಯರಿಗೆ ಅಗಲಕ್ಕೆ ಹೋಗಲು ದಾರಿಯಿಲ್ಲ. ಬಿಸಿಲು ಹೆಚ್ಚು ಬೀಳುವುದೂ ಇಲ್ಲಿಗೇ ಆದ್ದರಿಂದ ಅತಿ ಹೆಚ್ಚು ಕ್ಯಾನ್ಸರ್ ಹುಟ್ಟುವ ಜಾಗವೇ ಅತಿ ಕಡಿಮೆ ಅಂಚು ಸಿಗುವ ಜಾಗವೂ ಆಗಿಬಿಟ್ಟಿದೆ. ಕ್ಲಾರ್ಕ್ ಅವರ ಮೂಗಿನ ಸುದ್ದಿಯನ್ನು ಈ ಹಿನ್ನೆಲೆಯಲ್ಲಿ ಓದಬೇಕು.

ಗಡ್ಡೆಯ ಗಾತ್ರವೂ ಹಿಂದೆ ಒಮ್ಮೆ ಚಿಕಿತ್ಸೆಯಾದ ಜಾಗವೇ ಎಂಬುದೂ ಲೆಕ್ಕಕ್ಕೆ ಬರುತ್ತವೆ. ಹಳೆಯ ಹೊಲಿಗೆಯ ಕಲೆಯೊಳಗೆ ಕ್ಯಾನ್ಸರ್ ಕೋಶಗಳು ಬಿಡಿಬಿಡಿ ದ್ವೀಪಗಳಾಗಿ ಹಂಚಿಹೋಗಿರುತ್ತವೆ. ಆದ್ದರಿಂದ ಮೊದಲ ಶಸ್ತ್ರಚಿಕಿತ್ಸೆಯಲ್ಲಿ ಇರುವಷ್ಟು ಗೆಲ್ಲುವ ಸಾಧ್ಯತೆ ಎರಡನೆಯದರಲ್ಲಿ ಇರುವುದಿಲ್ಲ.

ಕತ್ತಿ ಹಿಡಿದ ಕೈ, ಸೂಕ್ಷ್ಮದರ್ಶಕದ ಕಣ್ಣು

ಯಾರು ಶಸ್ತ್ರಚಿಕಿತ್ಸೆ ಮಾಡಿದರು ಎಂಬ ಪ್ರಶ್ನೆ ವೈದ್ಯರ ನಡುವೆಯೇ ಬಿಸಿ ಹುಟ್ಟಿಸುವಂಥದ್ದು. ಕುಟುಂಬ ವೈದ್ಯರು, ಚರ್ಮರೋಗ ತಜ್ಞರು, ಪ್ಲಾಸ್ಟಿಕ್ ಸರ್ಜನ್‌ಗಳು ಮೂವರೂ ಈ ಕೆಲಸ ಮಾಡುತ್ತಾರೆ. ಅವರ ಫಲಿತಾಂಶಗಳನ್ನು ಅಂಕಿಗಳಲ್ಲಿ ಹೋಲಿಸುವುದು ಅಷ್ಟು ನ್ಯಾಯವಲ್ಲ. ಬೆನ್ನಿನ ಸುಲಭದ ಗಂಟು ಕುಟುಂಬ ವೈದ್ಯರ ಬಳಿಯೇ ಮುಗಿಯುತ್ತದೆ, ಕಣ್ಣಂಚಿನ ಮರುಕಳಿಸಿದ ಗಡ್ಡೆ ಸರ್ಜನ್ ಬಳಿಗೆ ಬರುತ್ತದೆ. ಕಷ್ಟದ ಕೆಲಸ ಮಾಡುವವರ ಸೋಲಿನ ಪ್ರಮಾಣ ಹೆಚ್ಚು ಕಂಡರೆ ಅದು ಅವರ ಕೌಶಲದ ಅಳತೆಯಲ್ಲ. ಆದರೂ ಮೊದಲೇ ಬಯಾಪ್ಸಿ ಮಾಡಿ ಗಡ್ಡೆಯ ಬಗೆ ತಿಳಿದುಕೊಂಡಿದ್ದರೇ, ಚರ್ಮವನ್ನು ಹಿಗ್ಗಿಸಿ ತೋರಿಸುವ ಡರ್ಮಾಸ್ಕೋಪ್‌ನಲ್ಲಿ ನೋಡಿ ಗಡಿಯನ್ನು ಗುರುತು ಹಾಕಿದ್ದರೇ ಎಂಬ ಅಂಶಗಳು ವೈದ್ಯರ ಕೈಯಲ್ಲೇ ಇರುವಂಥವು. ಅರಿವಳಿಕೆಯ ಚುಚ್ಚುಮದ್ದು ಕೊಟ್ಟ ಮೇಲೆ ಚರ್ಮ ಉಬ್ಬಿ, ಬಿಳಿಚಿ, ಗಡಿ ಮಸುಕಾಗುತ್ತದೆ. ಗುರುತು ಹಾಕಬೇಕಾದದ್ದು ಅದಕ್ಕೆ ಮೊದಲು.

ಇದಾದ ಮೇಲಿನ ಕೆಲಸ ರೋಗಿಯ ಕಣ್ಣಿಗೆ ಬೀಳುವುದೇ ಇಲ್ಲ. ಕತ್ತರಿಸಿದ ತುಂಡು ಫಾರ್ಮಾಲಿನ್ ಡಬ್ಬಿಯಲ್ಲಿ ಪೆಥಾಲಜಿ ಪ್ರಯೋಗಾಲಯಕ್ಕೆ ಹೋಗುತ್ತದೆ. ಅಲ್ಲಿ ಅದನ್ನು ಸೌತೆಕಾಯಿ ಬಿಲ್ಲೆಗಳಂತೆ ಅಡ್ಡಡ್ಡ ಕತ್ತರಿಸಿ, ಪ್ರತಿ ಬಿಲ್ಲೆಯಿಂದ ಅತಿ ತೆಳುವಾದ ಪದರವೊಂದನ್ನು ಗಾಜಿನ ಮೇಲಿಟ್ಟು ಬಣ್ಣ ಹಾಕಿ ನೋಡುತ್ತಾರೆ. ಬಿಲ್ಲೆಯ ಸಿಪ್ಪೆಯವರೆಗೆ ಕ್ಯಾನ್ಸರ್ ತಲುಪಿಲ್ಲದಿದ್ದರೆ ‘ಅಂಚು ಸ್ವಚ್ಛ’ ಎಂಬ ವರದಿ ಬರುತ್ತದೆ. ಆದರೆ ಎರಡು ಬಿಲ್ಲೆಗಳ ನಡುವಿನ ಸಿಪ್ಪೆಯನ್ನು ಯಾರೂ ನೋಡಿರುವುದಿಲ್ಲ. ಹೀಗೆ ನೋಡಿದ್ದನ್ನೆಲ್ಲ ಕೂಡಿಸಿದರೂ ಅದು ಒಟ್ಟು ಅಂಚಿನ ಶೇ 1ರಿಂದ 2ರಷ್ಟನ್ನು ದಾಟುವುದು ವಿರಳ. ಗುಂಡನೆಯ ಗಡ್ಡೆಗೆ ಈ ಮಾದರಿ ಪರೀಕ್ಷೆ ಸಾಕು, ಗರಿಕೆಯಂಥದ್ದಕ್ಕೆ ಸಾಲದು. ‘ಪೂರ್ತಿ ತೆಗೆಯಲಾಗಿದೆ’ ಎಂಬ ವಾಕ್ಯದ ನಿಜವಾದ ಅರ್ಥ ‘ನಾವು ನೋಡಿದ ಕಡೆಗಳಲ್ಲಿ ಏನೂ ಕಾಣಲಿಲ್ಲ’ ಎಂದಷ್ಟೇ.

ಜೊತೆಗೆ, ದೇಹದಿಂದ ಬೇರ್ಪಟ್ಟ ಕ್ಷಣದಲ್ಲೇ ಚರ್ಮ ತನ್ನ ಬಿಗಿತದಿಂದ ಕುಗ್ಗುತ್ತದೆ. ವೈದ್ಯರು ಸೇರಿಸಿ ಕತ್ತರಿಸಿದ 4 ಮಿಲಿಮೀಟರ್ ಪ್ರಯೋಗಾಲಯದಲ್ಲಿ 3 ಆಗಿ ಕಾಣುವುದರಲ್ಲಿ ಯಾರ ತಪ್ಪೂ ಇಲ್ಲ. ತುಂಡಿನ ಯಾವ ತುದಿ ಮೇಲಿತ್ತು, ಯಾವುದು ಕೆಳಗಿತ್ತು ಎಂಬುದನ್ನು ತೋರಿಸಲು ಒಂದು ಹೊಲಿಗೆ ಹಾಕಿ ಕಳಿಸದಿದ್ದರೆ ಮಾತ್ರ ಅದು ಲೋಪ. ಅಂಚಿನಲ್ಲಿ ಕ್ಯಾನ್ಸರ್ ಇದೆಯೆಂದು ವರದಿ ಬಂದರೂ ಅದು ಯಾವ ಕಡೆಯ ಅಂಚೆಂದು ಆಗ ಹೇಳಲಾಗುವುದಿಲ್ಲ.

ಮೋಹ್ಸ್ ವಿಧಾನ ಮತ್ತು ಅದರ ವಾದವಿವಾದ

ಬೈಡನ್ ಹಣೆಯ ಮೇಲೆ ನಡೆದದ್ದು ಮೋಹ್ಸ್ ಶಸ್ತ್ರಚಿಕಿತ್ಸೆ. ಕನ್ನಡದ ಕಿವಿಗೆ ಬೇರೆಯೇ ಅರ್ಥ ತರುವ ಈ ಹೆಸರು, 1930ರ ದಶಕದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಇದನ್ನು ರೂಪಿಸಿದ ಫ್ರೆಡರಿಕ್ ಮೋಹ್ಸ್ ಅವರದು. ಇಲ್ಲಿ ಗಡ್ಡೆಯನ್ನು ತೆಳುವಾದ ಪದರವಾಗಿ ತೆಗೆದು, ರೋಗಿಯನ್ನು ಕೂರಿಸಿಕೊಂಡೇ, ಅದನ್ನು ಹೆಪ್ಪುಗಟ್ಟಿಸಿ ಪರೀಕ್ಷಿಸುತ್ತಾರೆ. ಬಿಲ್ಲೆ ಕತ್ತರಿಸುವ ಬದಲು ಸೌತೆಕಾಯಿಯ ಸಿಪ್ಪೆಯನ್ನೇ ಇಡಿಯಾಗಿ ಸುಲಿದು ಹಾಸಿ ನೋಡುವ ಕ್ರಮವಿದು. ಎಲ್ಲಿ ಕ್ಯಾನ್ಸರ್ ಕಂಡಿತೋ ಆ ಬದಿಯಲ್ಲಿ ಮಾತ್ರ ಇನ್ನೊಂದು ಪದರ ತೆಗೆಯುತ್ತಾರೆ. ಅಂಚು ಪೂರ್ತಿ ಪರೀಕ್ಷೆಗೆ ಒಳಪಡುತ್ತದೆ, ಆರೋಗ್ಯವಂತ ಚರ್ಮವೂ ಉಳಿಯುತ್ತದೆ.

ಹಾಗಿದ್ದರೆ ಎಲ್ಲರಿಗೂ ಇದನ್ನೇ ಏಕೆ ಮಾಡಬಾರದು? ಮುಖದ ಬೇಸಲ್ ಸೆಲ್ ಕಾರ್ಸಿನೋಮಾಗಳಲ್ಲಿ ನೆದರ್ಲೆಂಡ್ಸ್‌ನಲ್ಲಿ ನಡೆದ ಪ್ರಯೋಗದ ಹತ್ತು ವರ್ಷಗಳ ಫಲಿತಾಂಶ 2014ರಲ್ಲಿ ಬಂತು. ಮೊದಲ ಸಲ ಬಂದ ಗಡ್ಡೆಗಳಲ್ಲಿ ಮೋಹ್ಸ್ ನಂತರ ಶೇ 4.4, ಸಾಮಾನ್ಯ ಛೇದನದ ನಂತರ ಶೇ 12.2 ಮರುಕಳಿಸಿದ್ದವು. ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಈ ಅಂತರವನ್ನು ಖಚಿತವೆನ್ನುವಂತಿರಲಿಲ್ಲ. ಹಿಂದೊಮ್ಮೆ ಮರುಕಳಿಸಿದ್ದ ಗಡ್ಡೆಗಳಲ್ಲಾದರೆ ಶೇ 3.9 ಮತ್ತು ಶೇ 13.5ರ ವ್ಯತ್ಯಾಸ ನಿಸ್ಸಂದೇಹವಾಗಿತ್ತು. ಮೋಹ್ಸ್ ಪರ ಇರುವವರು ಈ ಅಂಕಿಗಳನ್ನು ಮುಂದಿಡುತ್ತಾರೆ. ವಿಶೇಷ ತರಬೇತಿ, ಪ್ರಯೋಗಾಲಯ ಮತ್ತು ಇಡೀ ದಿನದ ಕೆಲಸ ಬೇಡುವ ಈ ವಿಧಾನವನ್ನು ಬೆನ್ನಿನ ಚಿಕ್ಕ ಗಂಟಿಗೂ ಬಳಸುವುದು ದುಂದು ಎಂಬುದು ಎದುರು ವಾದ. ಅಮೆರಿಕದಲ್ಲಿ ಇದರ ಬಳಕೆ ಮಿತಿಮೀರುತ್ತಿದೆ ಎಂಬ ದೂರಿನ ನಡುವೆಯೇ 2012ರಲ್ಲಿ ಎಲ್ಲಿ ಯೋಗ್ಯ, ಎಲ್ಲಿ ಅಲ್ಲ ಎಂಬ ಮಾನದಂಡಗಳನ್ನು ತಜ್ಞರ ಸಂಘಗಳು ಹೊರತಂದವು. ಅಪಾಯದ ವಲಯಕ್ಕೂ ಮರುಕಳಿಸಿದ ಗಡ್ಡೆಗೂ ಇದನ್ನು ಮೀಸಲಿಡುವುದು ಸರಿಯಾದ ದಾರಿ ಎನ್ನಿಸುತ್ತದೆ.

ಅದೇ ಡಚ್ ಪ್ರಯೋಗದಿಂದ ಹೊರಬಿದ್ದ, ಹೆಚ್ಚು ಚರ್ಚೆಯಾಗದ ಇನ್ನೊಂದು ಸಂಗತಿಯಿದೆ. ಮೊದಲ ಸಲದ ಗಡ್ಡೆಗಳಲ್ಲಿ ಮರುಕಳಿಸಿದವುಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಕಾಣಿಸಿಕೊಂಡದ್ದು ಐದು ವರ್ಷಗಳು ಕಳೆದ ಮೇಲೆ. ಐದು ವರ್ಷ ಏನೂ ಆಗದಿದ್ದರೆ ಗೆದ್ದಂತೆ ಎಂಬ ಸಾಮಾನ್ಯ ನಂಬಿಕೆ ಈ ಕ್ಯಾನ್ಸರಿಗೆ ಅನ್ವಯಿಸುವುದಿಲ್ಲ.

ಅಂಚಿನಲ್ಲಿ ಕ್ಯಾನ್ಸರ್ ಉಳಿದರೆ

ಬೇಸಲ್ ಸೆಲ್ ಕಾರ್ಸಿನೋಮಾ ಅಪೂರ್ಣವಾಗಿ ಹೊರಬಂದಿದೆ ಎಂದು ವರದಿ ಬಂದವರಲ್ಲಿ ಏನೂ ಮಾಡದೆ ಬಿಟ್ಟರೂ ಸುಮಾರು ಮೂರನೇ ಒಂದು ಭಾಗದವರಿಗೆ ಮಾತ್ರ ಕಾಯಿಲೆ ಮರುಕಳಿಸುತ್ತದೆ. ಉಳಿದ ಕೋಶಗಳನ್ನು ದೇಹದ ರೋಗನಿರೋಧಕ ಶಕ್ತಿ ಮತ್ತು ಗಾಯ ಮಾಯುವ ಪ್ರಕ್ರಿಯೆ ನಾಶಮಾಡುತ್ತವೆ ಎಂಬುದು ವಿವರಣೆ. ಇದನ್ನು ಹಿಡಿದು ಒಂದು ಪಕ್ಷದ ವೈದ್ಯರು, ಬೆನ್ನು ಅಥವಾ ತೋಳಿನ ಗಡ್ಡೆಯಾಗಿದ್ದು ರೋಗಿ ವಯೋವೃದ್ಧರಾಗಿದ್ದರೆ ಕಾದು ನೋಡಬಹುದು ಎನ್ನುತ್ತಾರೆ. ಇನ್ನೊಂದು ಪಕ್ಷ, ಮರುಕಳಿಸಿದ ಗಡ್ಡೆ ಮೊದಲಿನದಕ್ಕಿಂತ ಹಟಮಾರಿಯಾದ್ದರಿಂದ ತಕ್ಷಣ ಮತ್ತೆ ತೆಗೆಯಬೇಕು ಎನ್ನುತ್ತದೆ. ಮುಖದ ಮೇಲಿನದಾದರೆ, ಅದರಲ್ಲೂ ಆಳದ ಅಂಚಿನಲ್ಲಿ ಉಳಿದಿದ್ದರೆ, ಎರಡನೆಯ ವಾದಕ್ಕೇ ತೂಕ ಹೆಚ್ಚು. ಸ್ಕ್ವಾಮಸ್ ಸೆಲ್ ಕಾರ್ಸಿನೋಮಾದಲ್ಲಿ ಮತ್ತು ಮೆಲನೋಮಾದಲ್ಲಿ ಈ ಚರ್ಚೆಗೇ ಆಸ್ಪದವಿಲ್ಲ, ಏಕೆಂದರೆ ಅವು ದುಗ್ಧಗ್ರಂಥಿಗಳಿಗೂ ದೂರದ ಅಂಗಗಳಿಗೂ ಹರಡಬಲ್ಲವು.

ಇಲ್ಲಿ ಪದೇ ಪದೇ ನಡೆಯುವ ಒಂದು ಎಡವಟ್ಟು ಗಾಯ ಮುಚ್ಚುವ ಆತುರದ್ದು. ಪಕ್ಕದ ಚರ್ಮವನ್ನು ತಿರುಗಿಸಿ ತಂದು ಹೊಲಿದುಬಿಟ್ಟ ಮೇಲೆ ಅಂಚಿನಲ್ಲಿ ಕ್ಯಾನ್ಸರ್ ಇದೆಯೆಂಬ ವರದಿ ಬಂದರೆ, ಆ ಅಂಚು ಈಗ ಎಲ್ಲಿಗೆ ಸರಿದಿದೆ ಎಂಬುದೇ ಗೊತ್ತಾಗುವುದಿಲ್ಲ. ಉಳಿದ ಕೋಶಗಳು ದಪ್ಪ ಚರ್ಮದ ಹೊದಿಕೆಯ ಕೆಳಗೆ ವರ್ಷಗಟ್ಟಲೆ ಕಾಣದೆ ಬೆಳೆಯಬಹುದು. ಅಪಾಯದ ಗಡ್ಡೆಗಳಲ್ಲಿ ಗಾಯಕ್ಕೆ ಪಟ್ಟಿ ಹಾಕಿ, ವರದಿ ಬಂದ ಮೇಲೆ ಮುಚ್ಚುವುದು ರೋಗಿಗೆ ಕಿರಿಕಿರಿಯಾದರೂ ಲೆಕ್ಕದಲ್ಲಿ ಲಾಭದ್ದು.

ಔಷಧ ಬಂದು ಅಂಚು ಅಳಿಸಿದಾಗ

ಸೆಮಿಪ್ಲಿಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧವನ್ನು (ಕ್ಯಾನ್ಸರ್ ವಿರುದ್ಧ ದೇಹದ ರೋಗನಿರೋಧಕ ಶಕ್ತಿಯನ್ನೇ ಬಳಸುವಂಥದ್ದು), ತೆಗೆಯಬಹುದಾದರೂ ಮುಂದುವರಿದ ಹಂತದಲ್ಲಿದ್ದ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ ಇದ್ದ 79 ರೋಗಿಗಳಿಗೆ ಶಸ್ತ್ರಚಿಕಿತ್ಸೆಗೆ ಮೊದಲೇ ಕೊಟ್ಟು ನೋಡಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಯಿಂದ ತೆಗೆದ ತುಂಡಿನಲ್ಲಿ ಜೀವಂತ ಕ್ಯಾನ್ಸರ್ ಕೋಶಗಳೇ ಇರಲಿಲ್ಲ. ಇದು ಸಂತಸದ ಸುದ್ದಿಯ ಜೊತೆಗೆ ಹೊಸ ತೊಡಕನ್ನೂ ತಂದಿದೆ. ಗಡ್ಡೆ ಕುಗ್ಗಿದ ಮೇಲೆ ಕತ್ತರಿಸಬೇಕಾದದ್ದು ಹಳೆಯ ಗಡಿಯನ್ನೋ ಹೊಸ ಗಡಿಯನ್ನೋ? ಕಣ್ಣುಗುಡ್ಡೆ ಅಥವಾ ಕಿವಿ ಕಳೆದುಕೊಳ್ಳಬೇಕಾಗಿದ್ದವರಿಗೆ ಈ ಪ್ರಶ್ನೆಯ ಉತ್ತರವೇ ಎಲ್ಲ.

ನಮ್ಮ ಕಡೆಯ ಲೆಕ್ಕ ಬೇರೆ

ಭಾರತದಲ್ಲಿ ಒಟ್ಟು ಕ್ಯಾನ್ಸರುಗಳ ಪೈಕಿ ಚರ್ಮದ ಕ್ಯಾನ್ಸರಿನ ಪಾಲು ತೀರ ಚಿಕ್ಕದು. ಚರ್ಮದ ಬಣ್ಣವೇ ನಮಗೆ ಕೊಡೆ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೆಲೆಸಿದ ಕನ್ನಡಿಗರ ಅಪಾಯವೂ ಅವರ ಬಿಳಿಯ ನೆರೆಯವರಿಗಿಂತ ಬಹಳ ಕಡಿಮೆ. ನಮ್ಮಲ್ಲಿ ಬೇಸಲ್ ಸೆಲ್ ಕಾರ್ಸಿನೋಮಾ ಕಪ್ಪು ಬಣ್ಣ ತುಂಬಿಕೊಂಡು ಬರುವುದು ಹೆಚ್ಚು, ಅಂಥದ್ದರ ಗಡಿ ಕಣ್ಣಿಗೆ ಸ್ಪಷ್ಟವಾಗಿ ಕಾಣುವುದು ಒಂದು ಅನುಕೂಲ.

ಅನಾನುಕೂಲಗಳು ಇನ್ನೊಂದು ತಕ್ಕಡಿಯಲ್ಲಿವೆ. ಅಪರೂಪದ ಕಾಯಿಲೆಯಾದ್ದರಿಂದ ಅನುಮಾನ ತಡವಾಗಿ ಬರುತ್ತದೆ, ಗಡ್ಡೆ ದೊಡ್ಡದಾದ ಮೇಲೆ ಆಸ್ಪತ್ರೆ ಮುಟ್ಟುತ್ತದೆ. ಕಪ್ಪು ಚರ್ಮದವರಲ್ಲಿ ಮೆಲನೋಮಾ ಬರುವುದು ಹೆಚ್ಚಾಗಿ ಅಂಗಾಲಿನಲ್ಲಿ, ಉಗುರಿನ ಕೆಳಗೆ. ಅದನ್ನು ಪೆಟ್ಟಿನ ಕಲೆಯೆಂದೋ ಆಣಿಯೆಂದೋ ತಿಳಿಯುವುದೇ ಹೆಚ್ಚು. ಗಾಯಕ ಬಾಬ್ ಮಾರ್ಲಿಗೆ ಕಾಲ್ಬೆರಳಿನ ಉಗುರಿನ ಕೆಳಗೆ ಬಂದದ್ದು ಇದೇ. 1977ರಲ್ಲಿ ಬೆರಳನ್ನೇ ತೆಗೆಯುವ ಸಲಹೆಯನ್ನು ಅವರು ಒಪ್ಪಲಿಲ್ಲ, ಉಗುರಿನ ಭಾಗವನ್ನಷ್ಟೇ ತೆಗೆಯಲಾಯಿತು, 1981ರಲ್ಲಿ ಅವರು ತೀರಿಕೊಂಡರು. ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ ನಮ್ಮಲ್ಲಿ ಹಳೆಯ ಸುಟ್ಟಗಾಯದ ಕಲೆಯಲ್ಲಿ, ವರ್ಷಗಟ್ಟಲೆ ಮಾಯದ ಹುಣ್ಣಿನಲ್ಲಿ ಹುಟ್ಟುವುದುಂಟು. ಅಲ್ಲಿ ಗಡಿ ಗುರುತಿಸುವುದು ತೀರ ಕಷ್ಟ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಪರೀಕ್ಷೆಯೇ ಆಗದ ತುಂಡುಗಳು. ಮಚ್ಚೆ, ನರುಲಿ ಎಂದು ಸುಣ್ಣ ಹಚ್ಚಿ ಸುಡುವ, ಕೂದಲು ಬಿಗಿದು ಉದುರಿಸುವ ಮನೆಮದ್ದುಗಳಲ್ಲೂ, ಕೆಲವು ಕ್ಲಿನಿಕ್ಕುಗಳಲ್ಲಿ ವಿದ್ಯುತ್ ಸಲಕರಣೆಯಿಂದ ಸುಟ್ಟು ತೆಗೆಯುವ ಕ್ರಮದಲ್ಲೂ ಪೆಥಾಲಜಿಗೆ ಕಳಿಸಲು ಏನೂ ಉಳಿಯುವುದಿಲ್ಲ. ಅಂಚು ಸ್ವಚ್ಛವೋ ಅಲ್ಲವೋ ಎಂಬ ಪ್ರಶ್ನೆ ಅಲ್ಲಿ ಹುಟ್ಟುವುದೇ ಇಲ್ಲ. ತೆಗೆದದ್ದು ಏನು, ಯಾವ ಬಗೆಯದು, ಬದಿಯ ಅಂಚು ಎಷ್ಟು, ಆಳದ ಅಂಚು ಎಷ್ಟು ಎಂಬ ನಾಲ್ಕು ವಿವರಗಳು ವರದಿಯಲ್ಲಿ ಇದ್ದರೆ ಮಾತ್ರ ಮುಂದಿನ ತೀರ್ಮಾನಕ್ಕೆ ಆಧಾರ ಸಿಗುತ್ತದೆ. ಬ್ರಿಟನ್ನಿನ ರೂಢಿಯಲ್ಲಿ 1 ಮಿಲಿಮೀಟರಿಗಿಂತ ಕಡಿಮೆ ಅಂಚನ್ನು ಸ್ವಚ್ಛ ಎನ್ನದೆ, ‘ಹತ್ತಿರದ ಅಂಚು’ ಎಂದು ಪ್ರತ್ಯೇಕವಾಗಿ ನಮೂದಿಸುತ್ತಾರೆ.

ಹೊಸ ಕ್ಯಾನ್ಸರ್ ಮತ್ತು ಮರುಕಳಿಕೆಯ ನಡುವಿನ ವ್ಯತ್ಯಾಸಕ್ಕೆ ಕರ್ನಾಟಕದಲ್ಲೇ ಒಂದು ಕಹಿ ಉದಾಹರಣೆಯಿದೆ. ಯಾದಗಿರಿ ಜಿಲ್ಲೆಯ ಹಳೆಯ ಚಿನ್ನದ ಗಣಿ ಪ್ರದೇಶಕ್ಕೆ ಹತ್ತಿರದ ಕಿರದಳ್ಳಿ ತಾಂಡಾದಲ್ಲಿ, ಕೊಳವೆಬಾವಿಯ ನೀರಿನಲ್ಲಿದ್ದ ಆರ್ಸೆನಿಕ್‌ನಿಂದ ಹಲವರ ಅಂಗೈ, ಅಂಗಾಲುಗಳ ಚರ್ಮ ದಪ್ಪಗಟ್ಟಿದ್ದು ವರದಿಯಾಗಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಅದನ್ನು ಬಹುವಾಗಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಚರ್ಮದ ಕ್ಯಾನ್ಸರ್ ಒಂದೇ ಜಾಗದಲ್ಲಿ ಅಲ್ಲ, ಮೈಯ ಹಲವೆಡೆ, ಬಿಸಿಲು ಕಾಣದ ಭಾಗಗಳಲ್ಲೂ ಹುಟ್ಟಬಲ್ಲದು, ನೀರು ಬದಲಾದ ದಶಕಗಳ ನಂತರವೂ ಹುಟ್ಟಬಲ್ಲದು. ಅಂಥವರ ಒಂದೊಂದು ಗಡ್ಡೆಯ ವರದಿಯೂ ‘ಅಂಚು ಸ್ವಚ್ಛ’ ಎಂದೇ ಬರಬಹುದು, ಮತ್ತು ಆ ಒಂದೊಂದು ವರದಿಯೂ ನಿಜವೇ ಆಗಿರಬಹುದು.